ಭರತ ನೋಡಿ ಹೊರಟ ಸೈಕಲ್ಲು

ಕೋಟದಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಅಂಗಡಿ. ಬಲೆ, ಹಗ್ಗ, ಟಾರ್ಪಾಲು, ಮೀನು ತುಂಬುವ ಪ್ಲಾಸ್ಟಿಕ್ ಕ್ರೇಟು ಇಟ್ಟಿದ್ದೇನೆ. ಹೆದರಿದ ಗಿರಾಕಿ ಚೌಕಾಸಿ ಮಾಡುವುದಿಲ್ಲ ಎಂಬುದು ಈ ವ್ಯಾಪಾರ ನನಗೆ ಕಲಿಸಿದ ಮೊದಲ ಪಾಠ. ಕಡಲಲ್ಲಿ ಗಾಳಿ ಎದ್ದೀತು ಎಂದು ಟಿ.ವಿ.ಯಲ್ಲಿ ಹೇಳಿದ ದಿನ ಜನ ಹಗ್ಗ ಗಟ್ಟಿ ಇದೆಯೇ ಎಂದು ಕೇಳುತ್ತಾರೆ, ಬೆಲೆ ಕೇಳುವುದನ್ನು ಮರೆಯುತ್ತಾರೆ. ಜಿತೇಂದ್ರನೊಬ್ಬ ಮಾತ್ರ ಈ ಪಾಠಕ್ಕೆ ಒಗ್ಗಲಿಲ್ಲ. ಅವನಷ್ಟು ಹೆದರಿದವನನ್ನು ನಾನು ಕಂಡಿಲ್ಲ. ಅವನಷ್ಟು ಚೌಕಾಸಿ ಮಾಡುವವನನ್ನೂ ಕಂಡಿಲ್ಲ.

ಊರಿನವರ ಬಾಯಲ್ಲಿ ಅವನು ಜೀತು. ಹುಟ್ಟಿದ್ದು ಬೈಂದೂರು ಕಡೆಯ ಕೊಡೇರಿಯಲ್ಲಿ. ಅಪ್ಪನ ಕಾಲದಿಂದಲೂ ದಂಡೆಗೆ ಎಳೆಯುವ ಬಲೆಯ ಕೈರಂಪಣಿ ದೋಣಿಯವರು. ಆ ದೋಣಿಯಲ್ಲಿ ಅಪ್ಪ ಕೂತು ಹುಟ್ಟು ಹಾಕಿದ ಜಾಗದಲ್ಲೇ ಮಗನೂ ಕೂತು ಹುಟ್ಟು ಹಾಕುತ್ತಿದ್ದ. ಎರಡೂವರೆ ವರ್ಷದ ಹಿಂದೆ ಕೊಡೇರಿಯ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ, ದೋಣಿ ಮಗುಚಿತು. ಇಳಿತದ ಹೊತ್ತು. ಹೊಳೆಯ ನೀರು ಹೊರಕ್ಕೆ ನುಗ್ಗುತ್ತಿತ್ತು, ಕಡಲಿನ ತೆರೆ ಒಳಕ್ಕೆ. ಎರಡೂ ಎದುರಾದ ಜಾಗದಲ್ಲಿ ದೋಣಿಯ ಮೂತಿ ಮೇಲೆದ್ದು ಹಾಗೇ ಕವುಚಿ ಬಿತ್ತು. ಮಿಕ್ಕವರು ಆಚೀಚೆ ಬಿದ್ದು ಈಜಿದರು. ಜೀತು ಮತ್ತು ಅವನ ಪಕ್ಕದಲ್ಲಿ ಹುಟ್ಟು ಹಾಕುತ್ತಿದ್ದ ಪದ್ದು ಇಬ್ಬರೂ ದೋಣಿಯ ಅಡಿಯಲ್ಲಿ ಸಿಕ್ಕಿಬಿದ್ದರು. ಅಲ್ಲಿ ಕತ್ತಲು, ಒಂದು ಮೊಳ ಗಾಳಿ. ಜೀತುವಿಗೆ ಪದ್ದುವಿನ ಉಸಿರು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಹೊರಗಿನಿಂದ ಯಾರೋ ದೋಣಿಯ ಹಲಗೆ ಬಡಿದು ಹೆಸರು ಕರೆಯುತ್ತಿದ್ದ ಸದ್ದು ಮಾತ್ರ ಉಳಿಯಿತು.

ಬದುಕಿ ಬಂದವನನ್ನು ಹೆಂಡತಿ ಸುಗಂಧಿ ಒಂದು ತಿಂಗಳ ಮಟ್ಟಿಗೆ ಎಂದು ತನ್ನ ತವರು ಕೋಡಿ ಕನ್ಯಾಣಕ್ಕೆ ಕರೆತಂದಳು. ದಾರಿಯ ಸೇತುವೆಗಳ ಮೇಲೆಲ್ಲ ಅವನು ವ್ಯಾನಿನ ಸೀಟಿನ ಕೆಳಗೆ ತಲೆ ಇಟ್ಟಿದ್ದನಂತೆ. ಆ ಒಂದು ತಿಂಗಳು ಎರಡು ವರ್ಷವಾಯಿತು. ದಂಡೆಯಲ್ಲಿ ನಿಂತು ನೀರು ನೋಡಲು ಅವನಿಗೆ ಏನೂ ಆಗುತ್ತಿರಲಿಲ್ಲ. ಕಾಲ ಕೆಳಗೆ ಮಾತ್ರ ನೀರು ಬರಬಾರದು. ಹೀಗಾಗಿ ಅವನ ಲೋಕಕ್ಕೆ ತೆಂಕಣ ಗಡಿ ಮಾಬುಕಳದ ಸೇತುವೆ, ಬಡಗಣ ಗಡಿ ಕುಂದಾಪುರದಾಚೆಯ ಸೇತುವೆ. ಬ್ರಹ್ಮಾವರದ ಸಂತೆಗೂ ಇಲ್ಲ, ಹೆಮ್ಮಾಡಿಯ ನೆಂಟರ ಮದುವೆಗೂ ಇಲ್ಲ. ಎರಡು ಹೊಳೆಗಳ ನಡುವೆ ಸೈಕಲ್ಲಿನ ಹಿಂದೆ ಕ್ರೇಟು ಕಟ್ಟಿ, ರಬ್ಬರಿನ ಹಾರ್ನ್ ಒತ್ತುತ್ತ ಮೀನು ಮಾರುತ್ತಿದ್ದ. ಕ್ರೇಟು ಕೊಂಡದ್ದು ನನ್ನಲ್ಲೇ. ಅದಕ್ಕೊಂದು ಹಗ್ಗ ಪುಕ್ಕಟೆ ಕೇಳಿ, ಪಡೆದುಕೊಂಡೇ ಹೋದ.

ಕಳೆದ ಸೆಪ್ಟೆಂಬರಿನಲ್ಲಿ ಕೊಡೇರಿಯಿಂದ ಫೋನು ಬಂತು. ಮಾಡಿದವನು ರಾಜೇಂದ್ರ, ದೋಣಿಯ ತಾಂಡೇಲ. ದೋಣಿ ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು ಅವನೇ. ಆ ಗುಂಪಿನಲ್ಲೊಂದು ಕಟ್ಟಳೆಯಿದೆ. ಒಬ್ಬನ ಜಾಗ ಎರಡು ಹಂಗಾಮು ಖಾಲಿ ಇದ್ದರೆ ಸಹಿಸಿಕೊಳ್ಳುತ್ತಾರೆ. ಮೂರನೆಯದರ ಹೊಸ್ತಿಲಲ್ಲಿ ಅದನ್ನು ಬೇರೆ ಮನೆಗೆ ಕೊಡುತ್ತಾರೆ, ಆಮೇಲೆ ಕೇಳುವ ಹಾಗಿಲ್ಲ. ಮರುದಿನ ದೋಣಿ ಇಳಿಯುವುದಿತ್ತು. ಬೇಕಿದ್ದರೆ ಇವತ್ತು ದೀಪ ಹಚ್ಚುವ ಮುಂಚೆ ಬಾ ಎಂದ ರಾಜೇಂದ್ರ. ಅಷ್ಟಕ್ಕೇ ಬಿಡದೆ ಒಂದು ಷರತ್ತನ್ನೂ ಹಾಕಿದ.

"ಬಸ್ಸಂಗೆ ಕಣ್ ಮುಚ್ಕಂಡ್ ಬಪ್ದಾರೆ ಬರ್ಬೇಡ. ಒಬ್ನೇ ಬಾ. ಹೊಳಿ ಕಂಡ್ಕಂಡ್ ಬಾ."

ಸೈಕಲ್ ತೆಗೆದದ್ದು ಆ ಷರತ್ತಿಗೆ. ಸುಗಂಧಿ ಜಗಲಿಯಲ್ಲಿ ನಿಂತು ನೋಡಿದಳು. ಅವನು ಚೈನಿಗೆ ಎಣ್ಣೆ ಬಿಟ್ಟ, ಟಯರು ಒತ್ತಿ ನೋಡಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕಡೆಗೆ ಅವಳಿಗೆ ತಡೆಯಲಿಲ್ಲ.

"ಹೋಪುಕೆ ಮನಸ್ಸಿದ್ರೆ ಹೋಯ್ನಿ. ಇಲ್ದಿರೆ ಇಲ್ಲೇ ಸೈಕಲ್ ಒರ್ಸ್ಕಂತ ಕೂಕಣಿ, ಹೊಳಪಾರೂ ಬತ್ತ್."

ಅವನು ಒರೆಸುತ್ತಿದ್ದುದು ಸುಮ್ಮನೆ ಅಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನು ಭರತ, ಅಂದರೆ ಕಡಲಿನ ಉಬ್ಬರ, ಕಾಯುತ್ತಿದ್ದ. ದೂರದ ಸವಾರಿಗೆ ಹೊರಡುವವರು ಬಿಸಿಲು ನೋಡುತ್ತಾರೆ, ಗಾಳಿ ನೋಡುತ್ತಾರೆ. ಕಡಲಿನ ಏರಿಳಿತ ನೋಡಿ ಸೈಕಲ್ ಹತ್ತಿದವನು ಇವನೊಬ್ಬನೇ ಇರಬೇಕು. ಅವನ ಯೋಜನೆ ಹೀಗಿತ್ತು. ಕಾಲ ಕೆಳಗೆ ಹರಿಯುವ ನೀರು, ಅದರಲ್ಲೂ ಹೊರಕ್ಕೆ ಹರಿಯುವ ನೀರು ಕಂಡರೆ ಜೀವ ಬಾಯಿಗೆ ಬರುತ್ತದೆ. ಆದರೆ ಭರತ ತುಂಬಿದ ಮೇಲೆ, ಇಳಿತ ಶುರುವಾಗುವ ಮೊದಲು, ಹೊಳೆ ಸ್ವಲ್ಪ ಹೊತ್ತು ಕೆರೆಯಂತೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಕುಂದಾಪುರದ ಸಂಗಮ್‌ ಬಳಿಯ ಸೇತುವೆಯನ್ನೂ ಅರಾಟೆಯ ಸೇತುವೆಯನ್ನೂ ದಾಟಿಬಿಟ್ಟರೆ ಗೆದ್ದ ಹಾಗೆ. ಕೋಡಿಯ ಅಳಿವೆಯಲ್ಲಿ ನೀರು ಎಷ್ಟು ಏರಿದೆ ಎಂದು ಕಣ್ಣಳತೆಯಲ್ಲೇ ನೋಡಿ, ಕುಂದಾಪುರಕ್ಕೆ ತಲುಪುವ ಹೊತ್ತನ್ನು ಕಳೆದು ಹೊರಟ.

ತೆಕ್ಕಟ್ಟೆಯವರೆಗೆ ದಿನವೂ ಮೀನು ಮಾರುವ ಅವನದೇ ಸಾಮ್ರಾಜ್ಯ. ಖಾಲಿ ಕ್ರೇಟು ಗಡಗಡ ಎಂದದ್ದು ಕೇಳಿ ಒಂದಿಬ್ಬರು ಹೆಂಗಸರು ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ಮೀನಿಲ್ಲ ಎಂದದ್ದಕ್ಕೆ ಬೈದರು. ಬೈಗುಳ ಕೇಳಿ ಸ್ವಲ್ಪ ಧೈರ್ಯ ಬಂತು ಎನ್ನುತ್ತಾನೆ. ಕುಂಭಾಶಿ ದಾಟಿದ ಮೇಲೆ ಬಣ್ಣದ ಅಂಗಿ, ಹೆಲ್ಮೆಟ್ಟು ತೊಟ್ಟ ಸೈಕಲ್ ಸವಾರನೊಬ್ಬ ಪಕ್ಕದಲ್ಲಿ ಬಂದು ಹಿಂದಿಯಲ್ಲಿ ಮಾತಾಡಿಸಿದ. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕಂತೆ. ನೀವೆಲ್ಲಿಗೆ ಎಂದು ಕೇಳಿದ. ಜೀತು ಗಂಭೀರವಾಗಿ ಕೊಡೇರಿ ಎಂದ. ಹೇಳಿದ ಮುಖ ಹೇಗಿತ್ತೋ, ಆ ಸವಾರ ಕೊಡೇರಿಯನ್ನು ಕಾಶ್ಮೀರದಿಂದಲೂ ಆಚೆಗಿನ ಊರೆಂದು ತಿಳಿದು, ಹೆಬ್ಬೆರಳು ಎತ್ತಿ ತೋರಿಸಿ ಮುಂದೆ ಹೋದ. ತಿಳಿದದ್ದು ಪೂರ್ತಿ ತಪ್ಪೂ ಅಲ್ಲ.

ಸಂಗಮ್‌ ಹತ್ತಿರ ಬಂದು ಸೇತುವೆಯ ತಲೆಯಲ್ಲಿ ಸೈಕಲ್ ನಿಲ್ಲಿಸಿ ಇಣುಕಿದ. ನೀರು ನಿಂತಿರಲಿಲ್ಲ. ಕಡಲ ಕಡೆಯಿಂದ ಇನ್ನೂ ಒಳಕ್ಕೆ ನುಗ್ಗುತ್ತಿತ್ತು.

ಲೆಕ್ಕ ತಪ್ಪಿದ್ದು ಇಲ್ಲಿ. ಅವನು ನೋಡಿ ಹೊರಟದ್ದು ಅಳಿವೆಯ ನೀರು. ಸೇತುವೆಗಳು ಇರುವುದು ಅಳಿವೆಯಿಂದ ಒಳಗೆ. ಬಾಯಲ್ಲಿ ನೀರು ನಿಂತ ಮೇಲೂ ಒಳಗೆ ಅದು ನಿಲ್ಲಲು ಇನ್ನಷ್ಟು ಹೊತ್ತು ಬೇಕು. ಹೊಳೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತು, ಆದರೆ ಯಾವತ್ತೂ ಬೇಕಾಗಿರಲಿಲ್ಲ. ದೋಣಿಯಲ್ಲಿ ಭರತದೊಂದಿಗೆ ಒಳಗೆ ಹೋಗುವವನು ನೀರಿನ ಜೊತೆಗೇ ಹೋಗುತ್ತಾನೆ. ನೀರು ತಡ ಮಾಡಿದರೆ ಅವನೂ ತಡ ಮಾಡುತ್ತಾನೆ, ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಡಾಂಬರಿನ ಮೇಲೆ ಬಂದವನು ನೀರಿಗಿಂತ ಮೊದಲೇ ತಲುಪಿದ್ದ.

ಹತ್ತಿರದ ಗೂಡಂಗಡಿಯಲ್ಲಿ ಚಹಾ ಕುಡಿದ. ಇಣುಕಿ ಬಂದ. ಮತ್ತೆ ಚಹಾ ಕುಡಿದ. ಅಂಗಡಿಯವನು ಇವನ ಓಡಾಟ ನೋಡಿ, ಸೇತುವೆಯಲ್ಲಿ ಏನಾದರೂ ಬೀಳಿಸಿಕೊಂಡಿರೋ ಎಂದು ವಿಚಾರಿಸಿದನಂತೆ. ಕೊನೆಗೆ ನೀರಿನ ಮೇಲಿದ್ದ ಒಂದು ತೆಂಗಿನ ಗರಿ ಎತ್ತಲೂ ಹೋಗದೆ ನಿಂತದ್ದು ಕಂಡಿತು. ಹೊರಡಬೇಕಾದದ್ದು ಆಗ. ಕಾಲು ಪೆಡಲಿಗೆ ಹೋಗಲಿಲ್ಲ. ಗರಿ ನಿಂತೇ ಇತ್ತು, ಇವನೂ ನಿಂತೇ ಇದ್ದ. ಹಿಂದಿನಿಂದ ಬಂದ ಬಸ್ಸಿನವನು ಉದ್ದಕ್ಕೆ ಹಾರ್ನ್ ಹೊಡೆದ ಮೇಲೆ, ಬಸ್ಸಿನ ಹೆದರಿಕೆಗೆ ಸೇತುವೆಯ ಹೆದರಿಕೆ ಮರೆತು ಪೆಡಲು ಒತ್ತಿದ.

ಬಸ್ಸಿನಲ್ಲೋ ಕಾರಿನಲ್ಲೋ ಹೋಗುವ ನಮಗೆ ಸೇತುವೆ ಎಂದರೆ ರಸ್ತೆಯ ಇನ್ನೊಂದು ತುಂಡು. ಸೈಕಲ್ಲಿನವನಿಗೆ ಹಾಗಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ಹೋದರೆ ಸೇತುವೆ ಕೆಳಗಿನಿಂದ ತುಯ್ಯುತ್ತದೆ. ಕಾಂಕ್ರೀಟಿನ ತುಂಡು ತುಂಡು ಸೇರುವ ಕಡೆ ಚಕ್ರ ದಡ್ ಎನ್ನುತ್ತದೆ. ಜೀತುವಿಗೆ ಆ ಪ್ರತಿ ದಡ್ಡೂ ಹಲಗೆಗೆ ಬಿದ್ದ ಏಟು. ಕಣ್ಣು ಮುಚ್ಚಿದರೆ ಲಾರಿ, ತೆರೆದರೆ ಹೊಳೆ. ಷರತ್ತು ನೆನಪಾಗಿ ಒಮ್ಮೆ ಬಲಕ್ಕೆ ನೋಡಿದ. ನೀರು ಹಸಿರಾಗಿ, ತೆಪ್ಪಗೆ, ಅವನನ್ನೇ ನೋಡುತ್ತಿತ್ತು. ಆಚೆ ದಡ ತಲುಪಿದಾಗ ಬೆನ್ನಿನ ಅಂಗಿ ಹಿಂಡುವ ಹಾಗಾಗಿತ್ತು.

ಒಂದು ದಾಟಿದೆ ಎಂಬ ಖುಷಿಯನ್ನು ಅನುಭವಿಸಲು ಪುರಸೊತ್ತಿರಲಿಲ್ಲ. ಸಂಗಮ್‌ನಲ್ಲಿ ಹೋದ ಹೊತ್ತು ಅರಾಟೆಯ ಲೆಕ್ಕಕ್ಕೆ ಬೀಳುತ್ತದೆ. ಹೆಮ್ಮಾಡಿಯಲ್ಲಿ ನಿಲ್ಲದೆ ತುಳಿದ. ಆದರೂ ಅರಾಟೆಯಲ್ಲಿ ಸೇತುವೆ ಹತ್ತುತ್ತಿದ್ದ ಹಾಗೇ ಅವನಿಗೆ ಗೊತ್ತಾಯಿತು. ಕಂಬದ ಬುಡದಲ್ಲಿ ನೀರು ಸೀಳಿ ನೊರೆ ಕಟ್ಟಿತ್ತು. ಇಳಿತ ಶುರುವಾಗಿ ಹೊಳೆ ಕಡಲ ಕಡೆಗೆ ಓಡುತ್ತಿತ್ತು.

ನಡುವಿನವರೆಗೆ ಹೇಗೋ ಹೋದ. ಅಲ್ಲಿ ಒಂದರ ಹಿಂದೆ ಒಂದು ಟ್ಯಾಂಕರು ಬಂದವು. ಸೇತುವೆ ತುಯ್ದಿತು. ಕೆಳಗೆ ನೀರು ಓಡುವುದನ್ನು ನೋಡುತ್ತ ನಿಂತರೆ ನೀರು ನಿಂತು ಸೇತುವೆಯೇ ಓಡಿದ ಹಾಗೆ ಕಾಣುತ್ತದಲ್ಲ, ಅದು ಆಯಿತು. ದೋಣಿಯ ಮೂತಿ ಮತ್ತೆ ಮೇಲೆದ್ದ ಹಾಗಾಯಿತು. ಸೈಕಲ್ಲನ್ನು ಸೇತುವೆಯ ಬದಿಯ ಕಟಾಂಜನಕ್ಕೆ ಒರಗಿಸಿದ್ದು ನೆನಪಿದೆ. ತಾನು ಕೂತದ್ದು ನೆನಪಿಲ್ಲ. ಎರಡೂ ಕೈಯಲ್ಲಿ ಕಟಾಂಜನದ ಕಂಬ ತಬ್ಬಿ, ಹಣೆಯನ್ನು ಸಿಮೆಂಟಿಗೆ ಒತ್ತಿ ಕೂತಿದ್ದ. ಮುಂದೆ ಹೋಗಲು ಎಷ್ಟು ಸೇತುವೆ ಇತ್ತೋ ಹಿಂದೆ ಹೋಗಲೂ ಅಷ್ಟೇ ಇತ್ತು. ಸತ್ತರೂ ಇಲ್ಲಿಂದ ಏಳುವುದಿಲ್ಲ ಎಂದು ನಿಶ್ಚಯಿಸಿದ್ದನಂತೆ.

ಆಗ ಹೆಮ್ಮಾಡಿ ಕಡೆಯಿಂದ ಒಬ್ಬಳು ಹೆಂಗಸು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆದು ಬಂದಳು. ಹೆಸರು ವನಜ. ಅರುವತ್ತರ ಮೇಲಿನ ವಯಸ್ಸು. ಬುಟ್ಟಿಯಿಂದ ನೀರು ಸೋರುತ್ತದೆಂದು ಬಸ್ಸಿನವರು ಹತ್ತಿಸಿಕೊಳ್ಳದೆ ಹೋಗಿದ್ದರು. ಆ ಸಿಟ್ಟು ಇಳಿದಿರಲಿಲ್ಲ. ಇವನ ಮುಂದೆ ನಿಂತಳು.

"ಹ್ವಾಯ್, ಕುಡ್ದಿದ್ಯಾ?"

ಇಲ್ಲವೆಂದು ತಲೆಯಾಡಿಸಿದ.

"ಮತ್ತೆಂತಕ್ ಕಂಬ ತಬ್ಕಂಡದ್ದ್? ಅದ್ ಸರಕಾರದ್ದ್, ನಿಂಗ್ ಕೊಡುದಿಲ್ಲ."

ಅವನು ಹೆದರಿಕೆ ಎಂದ. ಯಾವುದರದ್ದು ಎಂದಳು. ನೀರಿನದು ಎಂದ. ಅವಳು ಕಟಾಂಜನದಾಚೆ ಕಣ್ಣು ಹಾಯಿಸಿ, ಆ ನೀರನ್ನು ಈಗಷ್ಟೇ ಯಾರೋ ತಂದು ಸುರಿದಿದ್ದಾರೋ ಎಂಬ ಹಾಗೆ ನೋಡಿದಳು. ಯಾರ ಮಗ, ಯಾವ ದೋಣಿ ಎಂದು ವಿಚಾರಿಸಿದಳು. ಕೊಡೇರಿ ಎಂದದ್ದಕ್ಕೆ ಮಗುಚಿದ ದೋಣಿಯದ್ದಾ ಎಂದಳು. ಹೌದೆಂದ. ಅಯ್ಯೋ ಪಾಪ ಎಂದು ಅವಳ ಬಾಯಿಂದ ಬಂದಿದ್ದರೆ ತಾನು ಇವತ್ತಿಗೂ ಅಲ್ಲೇ ಕೂತಿರುತ್ತಿದ್ದೆ ಎಂದು ಜೀತು ಆಣೆ ಮಾಡಿ ಹೇಳುತ್ತಾನೆ. ಅವಳು ಅವನ ಸೈಕಲ್ಲಿನ ಖಾಲಿ ಕ್ರೇಟು ನೋಡಿದಳು. ಕೇಳದೆ, ಹೇಳದೆ, ತಲೆಯ ಬುಟ್ಟಿ ಇಳಿಸಿ ಕ್ರೇಟಿನ ಮೇಲೆ ಇಟ್ಟಳು. ಸೈಕಲ್ಲು ಒಂದು ಬದಿಗೆ ವಾಲತೊಡಗಿತು.

"ಹಿಡ್ಕೋ ಮಾರಾಯ. ಒಳ್ಳೆ ಬಂಗ್ಡಿ. ಬಿದ್ರೆ ಹೊಳಿ ಪಾಲ್."

ಮೀನಿನವನ ಕೈಗೆ ಅಷ್ಟು ಸಾಕು. ತಲೆ ಏಳಬೇಡ ಎನ್ನುತ್ತಿತ್ತು, ಕೈ ಕಂಬ ಬಿಟ್ಟು ಬುಟ್ಟಿ ಹಿಡಿದಾಗಿತ್ತು. ಹಿಡಿಯಲು ಏಳಲೇಬೇಕಾಯಿತು. ಅವಳು ಮುಂದೆ ನಡೆದಳು. ಅವನು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಬುಟ್ಟಿ ಹಿಡಿದು ತಳ್ಳಿದ. ಅವಳು ತಿರುಗಿ ನೋಡದೆ ಬಸ್ಸಿನವರಿಗೆ ಬೈಯುತ್ತಲೇ ಹೋದಳು. ಆ ಬೈಗುಳದ ಹಿಂದೆ ಹಿಂದೆ ಅರಾಟೆಯ ಸೇತುವೆ ಮುಗಿಯಿತು. ಮುಳ್ಳಿಕಟ್ಟೆಯಲ್ಲಿ ಬುಟ್ಟಿ ಇಳಿಸಿಕೊಂಡು, ಬಂಗುಡೆ ಒಂದೂ ಕಡಿಮೆಯಾಗಿಲ್ಲವಷ್ಟೇ ಎಂದು ಕಣ್ಣಲ್ಲೇ ಪರೀಕ್ಷಿಸಿ, ಇನ್ನು ಸೇತುವೆಗೀತುವೆ ಇಲ್ಲ ಹೋಗು ಎಂದಳು.

ಸೇತುವೆ ಇರಲಿಲ್ಲ ಎಂಬುದು ನಿಜ. ತ್ರಾಸಿ ಕಳೆದ ಮೇಲೆ ಮರವಂತೆ ಇತ್ತು. ಎರಡು ವರ್ಷದಲ್ಲಿ ಆ ಊರಿನ ಸ್ವರೂಪವೇ ಅವನಿಗೆ ಮರೆತಿತ್ತು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಮಳೆಗಾಲದ ಕಡಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ತೆರೆ ಬಂದು ಕಲ್ಲಿನ ರಾಶಿಗೆ ಅಪ್ಪಳಿಸಿದಾಗ ಹನಿ ರಸ್ತೆಗೆ ಬೀಳುತ್ತಿತ್ತು. ಕಾಲ ಕೆಳಗೆ ನೆಲವೇ ಇತ್ತು, ಆದರೆ ಆ ನೆಲವನ್ನು ನಂಬಲು ಅವನಿಂದ ಆಗಲಿಲ್ಲ. ಇಲ್ಲಿ ತಬ್ಬಿಕೊಳ್ಳಲು ಕಂಬ ಇರಲಿಲ್ಲ. ಬುಟ್ಟಿಯೂ ಇರಲಿಲ್ಲ. ಹೆದರಿಕೆಗೆ ಹಲ್ಲು ಕಚ್ಚಿ ಹಾರ್ನ್ ಒತ್ತಿದ. ಒತ್ತಿದ ಕೈ ಬಿಡಲಿಲ್ಲ. ಪೋಂ ಪೋಂ ಎಂದು ಮರವಂತೆಯ ಉದ್ದಕ್ಕೂ ಒತ್ತಿಕೊಂಡೇ ಹೋದ. ಕಡಲು ನೋಡಲು ಕಾರು ನಿಲ್ಲಿಸಿದ ಪ್ರವಾಸಿಗರು ತಿರುಗಿ ಇವನ ಫೋಟೋ ತೆಗೆದರು. ಯಾರದೋ ಮೊಬೈಲಿನಲ್ಲಿ ಕರಾವಳಿಯ ಹಸನ್ಮುಖಿ ಮೀನು ವ್ಯಾಪಾರಿ ಎಂಬ ಹೆಸರಿನಲ್ಲಿ ಅವನು ಈಗಲೂ ಇರಬಹುದು. ಆ ಹಲ್ಲು ಕಂಡದ್ದು ನಗುವಿನಿಂದ ಅಲ್ಲ ಎಂದು ಅವರಿಗೆ ಹೇಳುವವರು ಯಾರು?

ನಾವುಂದ, ಕಿರಿಮಂಜೇಶ್ವರ, ನಾಗೂರು. ಹೆದ್ದಾರಿ ಬಿಟ್ಟು ಕೊಡೇರಿ ರಸ್ತೆಗೆ ತಿರುಗಿದಾಗ ಬಿಸಿಲು ಹಳದಿಯಾಗಿತ್ತು. ಹೊಳೆ ದಂಡೆಯಲ್ಲಿ ದೋಣಿ ಕಟ್ಟಿತ್ತು, ಗುಂಪಿನವರು ಸೇರಿದ್ದರು. ರಾಜೇಂದ್ರ ಎದ್ದು ಬಂದ. ಅವನೂ ಆ ದಿನ ದೋಣಿಯಲ್ಲಿದ್ದವನೇ. ಹಲಗೆ ಬಡಿದು ಹೆಸರು ಕರೆಯುತ್ತಿದ್ದವನು ಅವನೇ. ಒಬ್ಬನೇ ಬಂದೆಯಾ ಎಂದು ಕೇಳಿದ.

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾನಾಗಿದ್ದರೆ ಹೌದೆಂದು ಹೇಳಿ ಒಂದು ಲೋಟ ಚಹಾವನ್ನೂ ಕೇಳುತ್ತಿದ್ದೆ. ಜೀತು ಹೇಳಲಿಲ್ಲ. ಅರಾಟೆಯಲ್ಲಿ ಕೂತುಬಿಟ್ಟೆ, ಒಬ್ಬಳು ಹೆಂಗಸು ಮೀನಿನ ಬುಟ್ಟಿ ಹಿಡಿಸಿ ದಾಟಿಸಿದಳು ಎಂದ. ಮರವಂತೆಯಲ್ಲಿ ಹಾರ್ನ್ ಒತ್ತಿಕೊಂಡೇ ಬಂದದ್ದನ್ನೂ ಮುಚ್ಚಿಡಲಿಲ್ಲ.

ರಾಜೇಂದ್ರ ಮೆಲ್ಲಗೆ, ದಂಡೆಯಲ್ಲಿ ಹಗ್ಗ ಹಿಡಿಯುವ ಕೆಲಸ ಕೊಡುತ್ತೇನೆ ಎಂದ. ಕೈರಂಪಣಿಯಲ್ಲಿ ಬಲೆ ಬಿಡುವವರು ದೋಣಿಯಲ್ಲಿ, ಎಳೆಯುವವರು ದಂಡೆಯಲ್ಲಿ. ಹಗ್ಗದವನಿಗೂ ಪಾಲು ಇದೆ, ಮಾನ ಇದೆ, ಕಾಲ ಕೆಳಗೆ ಹೊಯ್ಗೆಯ ನೆಲ ಇದೆ. ಗುಂಪಿನವರು ತಲೆಯಾಡಿಸಿದರು. ಎಲ್ಲರಿಗೂ ಒಪ್ಪಿಗೆಯಾಗುವ ವ್ಯವಹಾರ. ಅಪ್ಪನ ಜಾಗ ಮಾತ್ರ ಬೇರೆ ಮನೆಗೆ ಹೋಗುತ್ತಿತ್ತು.

"ನಾ ದೋಣಿಗೇ ಬತ್ತೆ, ರಾಜೇಂದ್ರಣ್ಣ."

"ಹೆದ್ರಿಕಿ ಹೋಯ್ತಾ?"

"ಇಲ್ಲ."

"ದೋಣಿಯಂಗೆ ಒಬ್ನ್ ಕೈ ನಿಂತ್ರೆ ಎಲ್ಲರ್ ಜೀವಕ್ ಬತ್ತ್, ಜೀತು."

"ಕಾಲ್ ನಿಂತದ್ದ್. ಕೈ ನಿಲ್ಲಿಲ್ಲ."

ಬಲೆ ಆಚೆ ದಡದಲ್ಲಿತ್ತು. ಕತ್ತಲಾಗುವ ಮೊದಲು ದೋಣಿಯನ್ನು ಅಲ್ಲಿಗೆ ಒಯ್ಯಬೇಕಿತ್ತು. ರಾಜೇಂದ್ರ ಎಲ್ಲರಿಗೂ ಹತ್ತಿ ಎಂದ. ಜೀತುವಿನ ಹೆಸರು ಬೇರೆಯಾಗಿ ಕರೆಯಲಿಲ್ಲ. ಇವನು ನೀರಿಗೆ ಇಳಿದ. ದೋಣಿಯ ಅಂಚು ಹಿಡಿದು, ಹೊಟ್ಟೆಯ ಮೇಲೆ ಬಿದ್ದು, ಹೊಸಬನ ಹಾಗೆ ಒರಟಾಗಿ ಹತ್ತಿದ. ತನ್ನ ಜಾಗದಲ್ಲಿ ಕೂತ. ಪಕ್ಕದಲ್ಲಿ ಪದ್ದುವಿನ ಜಾಗ ಖಾಲಿ. ಅದರಲ್ಲಿ ಯಾರೂ ಕೂರದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ರಾಜೇಂದ್ರ ಹಿಂದಿನ ಚುಕ್ಕಾಣಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ಹಲಗೆಗಳನ್ನು ದಾಟಿ ಬಂದು ಅಲ್ಲಿ ಕೂತ. ಕೂತು, ತನಗೆ ಅಭ್ಯಾಸ ತಪ್ಪಿದೆ, ನೀನು ಹಾಕಿದ ಹಾಗೆ ಹಾಕುತ್ತೇನೆ ಎಂದ.

ದೋಣಿ ದಡ ಬಿಟ್ಟಿತು. ಹಲಗೆಯಡಿ ನೀರು ಸರಿದದ್ದು ಜೀತುವಿನ ಅಂಗಾಲಿಗೆ ತಿಳಿಯಿತು. ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ. ಅಷ್ಟು ದೂರವೂ ಅವನು ನಡುಗುತ್ತಿದ್ದ, ಪಕ್ಕದಲ್ಲಿದ್ದವನಿಗೆ ಅದು ತೋಳಿಗೆ ತಾಗುತ್ತಿತ್ತು.

ಅವನು ಈಗ ಕೊಡೇರಿಯಲ್ಲೇ ಇದ್ದಾನೆ. ಮೊನ್ನೆ ಹೆಂಡತಿಯ ಮನೆಗೆ ಬಂದವನು ನನ್ನ ಅಂಗಡಿಗೂ ಬಂದು ಹಗ್ಗಕ್ಕೆ ಚೌಕಾಸಿ ಮಾಡಿದ. ಈ ಕತೆಯೆಲ್ಲ ಹೇಳಿದ್ದು ಆಗಲೇ. ಹೊಳೆ ದಾಟುವಾಗ ಕಣ್ಣು ಮುಚ್ಚಿದ್ದೆಯಾ, ನಿಜ ಹೇಳು ಎಂದೆ.

"ಮುಚ್ಚಿರೆ ಹುಟ್ಟ್ ಹಾಕುದ್ ಹ್ಯಾಂಗೆ ಮಾರಾಯ್ರೆ" ಎಂದ.